ಮಿಜಾರಿನ ಜೇಕು

ಮೂಡಬಿದಿರೆ
೧೨-೧೧-೧೯೬೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಶಶಿಪ್ರಭಾ,

ಇಲ್ಲಿ ಅಮ್ಮ, ನಾನು ಇಬ್ಬರೂ ಉಂಡುಟ್ಟು ಇದ್ದೇವೆ. ಮದರಾಸಿನಲ್ಲಿ ನೀವು ಮೂವರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕುಳಿತದ್ದಕ್ಕೆ ಎಷ್ಟು ಬೇಕಾದರೂ ಬಯ್ಯಿ ಮಾರಾಯ್ತಿ, ಆದರೆ ಇದನ್ನು ಓದಿ ಮುಗಿಸಿದ ಮೇಲೆ ಬಯ್ಯಿ. ಶಾಲೆಯಲ್ಲಿ ಪರೀಕ್ಷೆಯ ಗಲಾಟೆ ಎಂದು ನೆವ ಹೇಳಬಹುದು. ಆದರೆ ನಿಜವಾಗಿ, ಈ ಮಂಗಳವಾರದಿಂದ ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗುತ್ತಿಲ್ಲ.

ಶಂಭುವಿನ ಪಾರ್ಸೆಲ್ ಬಂದಿದೆ. ಹೌದು, ನನ್ನ ತಮ್ಮನೇ! ಪಿ.ಯು.ಸಿ. ಎರಡನೆಯ ಸಲವೂ ಫೇಲಾಗಿ, 'ಮುಂಬಯಿಗೆ ಹೋಗುತ್ತೇನೆ' ಎಂದು ಚೀಟಿ ಬರೆದಿಟ್ಟು ಮಾಯವಾದವನು. ಆ ದಿನ ನಾನು ಬಾಯಿಗೆ ಬಂದ ಹಾಗೆ ಬಯ್ದದ್ದು ಹೌದು. ಯಾವ ಅಕ್ಕ ಬಯ್ಯುವುದಿಲ್ಲ ಹೇಳು? ಮೂರು ವರ್ಷದಿಂದ ಸುದ್ದಿಯಿಲ್ಲ. ಈ ಕ್ರಿಸ್‌ಮಸ್ ರಜೆಯಲ್ಲಿ ನಾನೇ ಮುಂಬಯಿಗೆ ಹೋಗಿ ನಮ್ಮೂರಿನವರ ಹೋಟೆಲುಗಳನ್ನೆಲ್ಲ ಜಾಲಾಡುವುದೆಂದು ನಿಶ್ಚಯಿಸಿದ್ದೆ, ಅಷ್ಟರಲ್ಲಿ ಇದು. ತಂದುಕೊಟ್ಟದ್ದು ಮನೆಮನೆಗೆ ಬಂದು ಬಟ್ಟೆ ಮಾರುವ ಬ್ಯಾರಿ ಬಾವಾ. "ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಮುಂಬಯಿಯವರೊಬ್ಬರು ಕೊಟ್ಟದ್ದು ಟೀಚರೇ, ನನಗೆ ಬೇರೆ ಎಂತದೂ ಗೊತ್ತಿಲ್ಲ," ಎಂದವನೇ ಚಾ ಕೂಡ ಕುಡಿಯದೆ ಓಡಿದ. ಪೆಟ್ಟಿಗೆಯೊಳಗೆ ಪಿಂಗಾಣಿಯ ಕಪ್ಪುಬಸಿ, ಜೊತೆಗೆ ಒಂದೇ ಸಾಲು: 'ಕ್ಷೇಮವಾಗಿದ್ದೇನೆ, ಹುಡುಕಿಕೊಂಡು ಬರಬೇಡಿ.'

ಕಪ್ಪು ಒಡೆಯದ ಹಾಗೆ ಸುತ್ತ ಹುಲ್ಲು ತುರುಕಿದ್ದ. ಅಮ್ಮ ಅದನ್ನು ಬಾಚಿಕೊಂಡು, "ಕಸ, ಒಲೆಗೆ ಹಾಕುವ," ಎಂದರು. ನಾನು ಕಸಿದುಕೊಂಡೆ. ನಾವಿಬ್ಬರೂ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ ಹತ್ತಿಸಿಕೊಂಡ ಚಾಳಿ ನಿನಗೆ ಗೊತ್ತಲ್ಲ, ಕೈಗೆ ಸಿಕ್ಕಿದ ದಂಟನ್ನು ಬೆರಳ ನಡುವೆ ಹೊರಳಿಸದೆ ಬಿಡುವವಳಲ್ಲ ನಾನು. ಹೊರಳಿಸಿದರೆ ಮೂರು ಅಂಚು! ನಡುವೆ ಎಲ್ಲೂ ಗಂಟಿಲ್ಲ. ಉಗುರಿನಿಂದ ಸೀಳಿದರೆ ಒಳಗೆ ಟೊಳ್ಳಿಲ್ಲ, ಬೆಂಡು ತುಂಬಿದೆ. ಬೈಹುಲ್ಲಲ್ಲ, ನೀರಂಚಿನಲ್ಲಿ ಬೆಳೆಯುವ ಜೇಕು. ಅದೂ ಬುಡದಲ್ಲಿ ಇನ್ನೂ ಹಸಿರು. ಮುಂಬಯಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಹಸಿರು ಉಳಿದೀತೇ?

ಭೂತಗನ್ನಡಿ ತಂದೆ. ಗದ್ದೆಯಲ್ಲಿ ಕಳೆಯಾಗಿ ಬರುವ ಹಳದಿ ಜೇಕಾದರೆ ಕಾಳಿಗೆ ಮೂರು ಮೂಲೆ ಇರಬೇಕು, ಹೂವಿನ ಎಳೆ ತುದಿಯಲ್ಲಿ ಮೂರಾಗಿ ಕವಲೊಡೆಯಬೇಕು. ಇದರ ಕಾಳು ಚಪ್ಪಟೆ, ಹೆಚ್ಚುಕಡಿಮೆ ಕಪ್ಪು. ಎಳೆಗೆ ಎರಡೇ ಕವಲು. ಕೊನ್ನಾರಿ ಗಡ್ಡೆಯೋ ಎಂದರೆ ಗಡ್ಡೆಯೇ ಇಲ್ಲ, ಬರೀ ನಾರುಬೇರು. ದಂಟಿನ ಬುಡದಲ್ಲಿ ಕುಂಕುಮ ಎಳೆದ ಹಾಗೆ ಒಂದು ಕೆಂಪು ಗೆರೆ. ಮತ್ತೊಮ್ಮೆ ನೋಡಿದೆ ಶಶಿ. ಕಳೆದ ವರ್ಷ ನಾನು ಒಣಗಿಸಿ ಕಳಿಸಿದ್ದನ್ನು ನೋಡಿ ನೀನು, 'ಇಲ್ಲಿ ನಮ್ಮ ಸಸ್ಯಸಂಗ್ರಹದ ಕಪಾಟಿನಲ್ಲಿರುವ ಯಾವುದಕ್ಕೂ ಇದು ಹೊಂದುವುದಿಲ್ಲ' ಎಂದು ಬರೆದಿದ್ದೆಯಲ್ಲ, ಅದೇ ಜೇಕು! ಬೆಳುವಾಯಿಯ ಗದ್ದೆ, ಬೆಳ್ತಂಗಡಿಯ ತೋಡು, ಬಂಟ್ವಾಳದ ಹೊಳೆಬದಿ ಎಲ್ಲ ಅಲೆದರೂ ನನಗೆ ಅದು ಸಿಕ್ಕಿದ್ದು ಒಂದೇ ಕಡೆ, ಮಿಜಾರಿನಲ್ಲಿ ಮುರಕಲ್ಲು ಕಡಿದು ಬಿಟ್ಟ ಗುಂಡಿಯ ನೀರಿನ ಅಂಚಿನಲ್ಲಿ.

ಮಿಜಾರು ಇಲ್ಲಿಂದ ಎಷ್ಟು ದೂರ? ಕಂಡಕ್ಟರ್ ಚಿಲ್ಲರೆ ಕೊಡುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ! "ಅಮ್ಮಾ, ಅವನು ಇಲ್ಲೇ ಎಲ್ಲೋ ಇದ್ದಾನೆ. ಭಾನುವಾರ ಮಿಜಾರಿಗೆ ಹೋಗುವ," ಎಂದೆ. ಅಮ್ಮ ಮುಖ ತಿರುಗಿಸಿ, "ಹುಲ್ಲು ನೋಡಿ ಮನುಷ್ಯರನ್ನು ಹುಡುಕ್ಲಿಕ್ಕೆ ಆಗ್ತದಾ? ನಿನಗೆ ಮರ್ಲು. ಸುಮ್ಮನೆ ಕೂತ್ಕೋ," ಎಂದರು. ಪಾಪ, ಆಸೆಪಟ್ಟು ಮತ್ತೆ ನಿರಾಶೆಯಾದರೆ ತಡೆಯುವ ಶಕ್ತಿ ಅವರಿಗಿಲ್ಲ. ಇಷ್ಟು ವರ್ಷ ಅವರಿಗೆ ಧೈರ್ಯ ಹೇಳಿಕೊಂಡು ಬಂದವಳು ನಾನೇ ಅಲ್ಲವೇ.

ಪರೀಕ್ಷೆ ಬಿಟ್ಟು ಹೋಗುವ ಹಾಗಿರಲಿಲ್ಲ. ಐದು ದಿನ ತರಗತಿಯ ಉದ್ದಗಲ ಅಳೆದದ್ದೇ ಬಂತು. "ಟೀಚರಿಗೇ ಪರೀಕ್ಷೆಯ ಹೆದರಿಕೆ," ಎಂದು ಹುಡುಗಿಯರು ನಗಾಡಿದರು. ಇವತ್ತು ಹೊರಟಿದ್ದೇನೆ. ಕಂಡ ಕೂಡಲೇ ಕೆನ್ನೆಗೆ ಎರಡು ಬಾರಿಸಬೇಕೋ ಅಪ್ಪಿಕೊಳ್ಳಬೇಕೋ ತಿಳಿಯುತ್ತಿಲ್ಲ. ಅವನು ಅಲ್ಲಿ ಇಲ್ಲದಿದ್ದರೆ ಏನು ಮಾಡಲಿ ಎಂಬುದಂತೂ ಯೋಚಿಸಲೇ ಆಗುವುದಿಲ್ಲ.

ಒಂದು ತೆನೆಯನ್ನು ಲಕೋಟೆಯಲ್ಲಿಟ್ಟಿದ್ದೇನೆ. ಕಳೆದ ವರ್ಷ ಕಳಿಸಿದ ಒಣಗಿಡದ ಹಾಳೆಯ ಪಕ್ಕ ಇಟ್ಟು ನೋಡಿ, ನಾನು ತಪ್ಪಿದ್ದರೆ ಮುಲಾಜಿಲ್ಲದೆ ಹೇಳು. ನಿನ್ನ ಯಜಮಾನರಿಗೆ ನಮಸ್ಕಾರ. ಪುಟ್ಟಿಗೆ ಈ ಚಿಕ್ಕಮ್ಮನ ಆಶೀರ್ವಾದ. ಅವಳು ಹಲ್ಲು ಬರುವ ಜ್ವರವೆಲ್ಲ ಕಳೆದು ಗುಂಡುಗುಂಡಾಗಿ ಬೆಳೆಯಲಿ. ದೇವರು ನಿಮ್ಮನ್ನು ಕಾಯಲಿ, ಇವತ್ತೊಂದು ದಿನ ನನ್ನ ಕಡೆಗೂ ಸ್ವಲ್ಪ ನೋಡಲಿ.

ನಿನ್ನ
ಕಾಂತಿ

ತಾ. ಕ.: ಸಂಜೆ ಬರೆಯುತ್ತಿದ್ದೇನೆ. ಹೋಗಿ ಬಂದೆ. ಜೇಕು ಅದೇ, ನೀನು ಹೋಲಿಸಿ ನೋಡುವ ಅಗತ್ಯವಿಲ್ಲ. ಶಂಭು ಅಲ್ಲೇ ಇದ್ದಾನೆ. ಗುಂಡಿಯ ಎದುರಿಗೇ ಒಂದು ಸಣ್ಣ ಚಾದ ಹೋಟೆಲು, ಹೆಂಡತಿ, ಒಂದು ಕೈಗೂಸು. ನನ್ನನ್ನು ಕಂಡು, ಪಾಠ ಕಲಿಯದೆ ಬಂದ ಹುಡುಗರು ನಿಲ್ಲುವ ಹಾಗೆ ಎದ್ದು ನಿಂತ. ಮೊದಲು ಕೇಳಿದ್ದೇ, "ಅಮ್ಮ ಬರ್ಲಿಲ್ವಾ?" ಎಂದು. ಅಮ್ಮ ದೇವಸ್ಥಾನಕ್ಕೆಂದು ಹೇಳಿ ಪ್ರತಿ ಸಂಕ್ರಮಣಕ್ಕೆ ಅಲ್ಲಿಗೆ ಹೋಗುತ್ತಿದ್ದರಂತೆ ಶಶಿ! ನಾನು ಮುಂಬಯಿಗೆ ಹೊರಡುವುದನ್ನು ತಪ್ಪಿಸಲು ತಾಯಿ ಮಗ ಸೇರಿ ಕಟ್ಟಿಸಿದ ಪಾರ್ಸೆಲ್ ಅದು. ಮನೆಗೆ ಬಂದು ಕೂಗಾಡಿದೆ. ಅಮ್ಮ ಅಳಲಿಲ್ಲ. "ಅವನಿಗೆ ನಿನ್ನದೇ ಹೆದರಿಕೆ ಮಗಾ. ನಾನು ಎಂತ ಮಾಡುದು?" ಎಂದು ಅಕ್ಕಿ ಆರಿಸುತ್ತಾ ಕುಳಿತರು. ಮೂರು ವರ್ಷ ಈ ಮನೆಯಲ್ಲಿ ಅವನಿಗಾಗಿ ಹಂಬಲಿಸಿದ್ದು ನಾನೊಬ್ಬಳೇ.

ಅದನ್ನಾದರೂ ನುಂಗಿಕೊಂಡೇನು. ಹೊರಡುವಾಗ ಅವನು ಬಸ್ಸಿನವರೆಗೆ ಬಂದ. ನೆಲ ನೋಡುತ್ತಾ ಹೇಳಿದ: "ಕಳೆದ ವರ್ಷ ನೀನು ಆ ಗುಂಡಿಗೆ ಹುಲ್ಲು ಕೀಳ್ಲಿಕ್ಕೆ ಬಂದಿದ್ದೆಯಲ್ಲ ಅಕ್ಕಾ, ನಾನು ಬಾಗಿಲಲ್ಲೇ ನಿಂತಿದ್ದೆ. ನೀನು ಒಮ್ಮೆ ತಲೆ ಎತ್ತಿದ್ರೆ ಕರೆಯುವ ಅಂತ ಇದ್ದೆ."