ಬೇಲಿಯಾಚೆಯ ಬಯಲು

ಏಪ್ರಿಲ್ 3

ಐದಕ್ಕೇ ಎಚ್ಚರ. ಕ್ಷೌರ, ವ್ಯಾಯಾಮ, ಸ್ನಾನ. ಆಮೇಲೆ ಏನೂ ಇಲ್ಲ. ನಿವೃತ್ತಿ ಎಂದರೆ ಇದೇ ಇರಬೇಕು — ಸಿದ್ಧನಾಗಿ ಸುಮ್ಮನೆ ಕೂರುವುದು. ಕೂರಲಾಗಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಹೆಂಡತಿ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತಳು.

"ಸಕ್ಕರೆ ಎಲ್ಲಿ?"

"ಹಿಂದಿನ ಸಾಲು, ಬಲಗಡೆ."

"ನಾನೇನು ನಿಮ್ಮ ಪಟಾಲಮ್ಮಾ? ಹೊರಗೆ ಏನಾದ್ರೂ ಕೆಲಸ ನೋಡ್ಕೊಳ್ಳಿ ಮಾರಾಯ್ರೇ."

ಇಬ್ಬರೂ ನಕ್ಕೆವು. ಟೀ ಚೆನ್ನಾಗಿತ್ತು.

ಏಪ್ರಿಲ್ 20

ಪಕ್ಷದ ಅಧ್ಯಕ್ಷರು ಬಂದಿದ್ದರು. ಸೋಫಾದ ತುದಿಯಲ್ಲಿ ಕೂತು ನೇರವಾಗಿ ಹೇಳಿದರು: "ಕರ್ನಲ್ ಸಾಹೇಬ್ರೇ, ಜನಕ್ಕೆ ನಮ್ಮ ಮೇಲೆ ನಂಬಿಕೆ ಇಲ್ಲ. ನಿಮ್ಮ ಮೇಲಿದೆ. ಚುನಾವಣೆಗೆ ನಿಲ್ಲಿ."

ಆಗುವುದಿಲ್ಲ ಎಂದೆ. ಆದೇಶ ಕೊಡುವುದು ಗೊತ್ತು, ಪಾಲಿಸುವುದು ಗೊತ್ತು. ಹಲ್ಲು ಕಿರಿಯುತ್ತಾ ಬೀದಿ ಸುತ್ತುವುದು...

ಸಂಜೆ ಹಳ್ಳದ ಕಡೆ ನಡೆದೆ. ಊರಿಗೆ ಅಂಟಿಕೊಂಡೇ ಇರುವ ಬಯಲು. ಯುದ್ಧದಲ್ಲಿ ಎರಡೂ ಕಡೆಯವರು ಅಲ್ಲಿ ಕಾಲಿಟ್ಟರೆ ಸಿಡಿಯುವ ಮೈನ್ ಹೂತಿಟ್ಟರು. ಯುದ್ಧ ಮುಗಿದು ಒಂದು ತಲೆಮಾರು ಕಳೆಯಿತು. ತಂತಿ ಬೇಲಿ, ತಲೆಬುರುಡೆಯ ಬೋರ್ಡು ಹಾಗೇ ಇವೆ. ಬೇಲಿಯ ಕಂಬಕ್ಕೆ ಕುರಿ ಅಜ್ಜಿ ಒರಗಿ ನಿಂತಿದ್ದಳು. ಒಳಗಿರುವ ಹೊಲ ಅವಳದು. ಈಗ ಬೇರೆಯವರ ಕುರಿ ಕಾಯುತ್ತಾಳೆ.

"ಮಿಲಿಟರೀಲಿ ಏನು ಕೆಲಸ ಮಾಡ್ತಿದ್ರಿ?"

"ಮೈನ್ ತೆಗೀತಿದ್ದೆ, ಅಜ್ಜಿ."

"ಬೇರೆ ಊರೋರ ನೆಲದಲ್ಲೆಲ್ಲ ತೆಗೆದ್ರಿ. ನಮ್ಮ ನೆಲ ಏನು ಪಾಪ ಮಾಡಿತ್ತು?"

ಮನೆಗೆ ಬಂದು ಅಧ್ಯಕ್ಷರಿಗೆ ಫೋನ್ ಮಾಡಿದೆ.

ಜೂನ್ 27

ಗೆದ್ದೆ. ಸಮವಸ್ತ್ರದ ಫೋಟೋ ಪೋಸ್ಟರಿಗೆ ಬೇಡ ಎಂದಿದ್ದೆ, ಹಾಕಿದರು. ಭುಜದ ಮೇಲೆ ಹೊತ್ತು ಕುಣಿದರು. ಮೊಣಕಾಲು ನೋವು. ಚಪ್ಪಾಳೆ ಇಷ್ಟವಾಯಿತು. ಇದನ್ನು ಬರೆದಿಡುವುದು ಒಳ್ಳೆಯದು — ಎಚ್ಚರವಿರಲಿ ಎಂದು.

ಫೆಬ್ರವರಿ 11

ಶಾಸನಸಭೆಯಲ್ಲಿ ಎರಡನೆಯ ವರ್ಷ. ಸೈನ್ಯದಲ್ಲಿ 'ಆಯ್ತು' ಎಂದರೆ ಆಯಿತು. ಇಲ್ಲಿ 'ಆಯ್ತು' ಎಂದರೆ ಮರ್ಯಾದೆಯಿಂದ ಹೇಳಿದ 'ಇಲ್ಲ'. ಮಂತ್ರಿಗಳ ಮಾತೆಲ್ಲ ಅಡ್ಡಗೋಡೆಯ ಮೇಲಿನ ದೀಪ. ಪ್ರತಿ ಅಧಿವೇಶನದಲ್ಲೂ ಎದ್ದು ನಿಲ್ಲುತ್ತೇನೆ, ಬಯಲಿನ ವಿಷಯ ಕೇಳುತ್ತೇನೆ, ಕೂರುತ್ತೇನೆ. 'ಬಯಲು ಸಾಹೇಬ' ಎಂದು ಹೆಸರಿಟ್ಟಿದ್ದಾರಂತೆ. ಇವಳಿಗೆ ಹೇಳಿದೆ.

"ಪುಣ್ಯಕ್ಕೆ 'ಬಂಡೆ' ಅಂತ ಇಡಲಿಲ್ಲವಲ್ಲ" ಎಂದಳು.

ಆಗಸ್ಟ್ 6

ಕೊನೆಗೂ. ಎಷ್ಟೋ ಸಹಿಗಳಾದ ಮೇಲೆ, ಅವಧಿಯ ಮೂರನೆಯ ವರ್ಷದಲ್ಲಿ, ಸೈನ್ಯದ ತುಕಡಿ ಬಂದಿಳಿಯಿತು. ಮುಖ್ಯಸ್ಥೆ ಒಬ್ಬ ಯುವ ಮೇಜರ್. ಅವಳ ಹುಡುಗರು ಮಂಡಿಯೂರಿ ಗೇಣು ಗೇಣು ನೆಲ ಕೆದಕುವುದನ್ನು ನೋಡುತ್ತಾ ನಿಂತೆ. ಒಳಗೆ ಬರಲಾ ಎಂದು ಕೇಳಿದೆ.

"ಸಾರಿ ಸರ್. ಸಿವಿಲಿಯನ್ಸ್‌ಗೆ ಪ್ರವೇಶ ಇಲ್ಲ."

ಸರಿಯಾಗಿಯೇ ಹೇಳಿದಳು. ಎಲ್ಲೋ ಒಳಗೆ ಚುರುಕ್ ಎಂದಿತು.

ಮೇ 14

ಮತ್ತೆ ಚುನಾವಣೆ. ತಿಂಗಳೊಪ್ಪತ್ತು ಉಳಿದಿದೆ. ಬಯಲು ಬಹುಪಾಲು ಮುಗಿದಿದೆ. ಹಳ್ಳದ ಅಂಚಿನ ಪಟ್ಟಿ ಬಾಕಿ. ಎಲ್ಲ ಹೊಲಗಳಿಗೂ ದಾರಿ ಅದರ ಮೇಲೆಯೇ. ಮೇಜರ್ ನಕ್ಷೆ ಬಿಡಿಸಿ ತೋರಿಸಿದಳು. "ಹಳ್ಳ ಉಕ್ಕಿದಾಗಲೆಲ್ಲ ಮಣ್ಣಿನ ಜೊತೆ ಮೈನ್‌ಗಳೂ ಸರಿದಿವೆ ಸರ್. ನಕ್ಷೇಲಿರೋ ಜಾಗದಲ್ಲಿ ಇಲ್ಲ. ಇನ್ನೂ ನಾಲ್ಕೈದು ತಿಂಗಳು ಬೇಕು."

ಮಧ್ಯಾಹ್ನ ಪಕ್ಷದ ಕಚೇರಿಗೆ ಕರೆ. ಅಧ್ಯಕ್ಷರು ಎದ್ದು ಬಾಗಿಲು ಹಾಕಿದರು.

"ಭಾನುವಾರ ಉದ್ಘಾಟನೆ. ನೀವು ತಂತಿ ಕತ್ತರಿಸಿ, ಫೋಟೋ ಆಗಲಿ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ."

"ತಂತಿ ಕತ್ತರಿಸಿದ್ರೆ ಜನ ಒಳಗೆ ಹೋಗ್ತಾರೆ."

"ಮುಕ್ಕಾಲು ಮುಗಿದಿದೆ ಅಂತ ನೀವೇ ಹೇಳಿದ್ರಿ."

"ಮೈನಿಗೆ ಮುಕ್ಕಾಲು ಗೊತ್ತಾಗಲ್ಲ ಸಾಹೇಬ್ರೇ."

"ಇಷ್ಟು ವರ್ಷ ಉತ್ತಿದ್ದು ನೀವು, ಬಿತ್ತಿದ್ದು ನೀವು. ಬೆಳೆ ಬೇರೆಯವರು ಕೊಯ್ಕೊಂಡು ಹೋಗ್ತಾರೆ. ಯೋಚನೆ ಮಾಡಿ."

ಯೋಚಿಸಿದೆ. ಗೆಲ್ಲುವ ಆಸೆಯಿದೆ, ಸುಳ್ಳೇಕೆ. ಆಗುವುದಿಲ್ಲ ಎಂದೆ. ಸೈನ್ಯದಲ್ಲಿ ಮೇಲಿನವರಿಗೆ ಎಂದೂ ಹೀಗೆ ಹೇಳಿದವನಲ್ಲ.

ಮೇ 21

ಚೌಕದಲ್ಲಿ ಸಭೆ. ನನ್ನ ಎದುರಾಳಿ ಶಾಲೆಯ ಮೇಷ್ಟ್ರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ಒಳ್ಳೆಯವರು. "ಗೆದ್ದ ತಿಂಗಳೊಳಗೆ ಬೇಲಿ ಕಿತ್ತು ಹಾಕ್ತೀನಿ!" ಎಂದರು. ಶಿಳ್ಳೆಯೋ ಶಿಳ್ಳೆ.

ನನ್ನ ಸರದಿ. "ಬೇಲಿ ಇನ್ನೂ ಕೆಲವು ತಿಂಗಳು ಇರಬೇಕು" ಎಂದೆ. ಕಾರಣ ವಿವರಿಸಿದೆ. ಯಾರಿಗೂ ಕೇಳುವ ಮನಸ್ಸಿರಲಿಲ್ಲ. ಮುಂದಿನ ಸಾಲಿನಿಂದ ಅಜ್ಜಿ ಎದ್ದು, ನನ್ನ ಮುಖ ನೋಡದೆ ಹೊರಟುಹೋದಳು. ಅದು ಮಾತ್ರ ನಾಟಿತು.

ಮನೆಯಲ್ಲಿ ಇವಳು: "ಸ್ವಲ್ಪ ನಯವಾಗಿ ಹೇಳಬಹುದಿತ್ತು."

"ಏನಂತ?"

ಕಾಲು ಕಳೆದುಕೊಂಡವರ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. ಭುಜ ತಟ್ಟಿ ಒಳಗೆ ಹೋದಳು.

ಜೂನ್ 16

ಸೋತೆ. ದೊಡ್ಡ ಅಂತರ. ಮೇಷ್ಟ್ರ ಕೈಕುಲುಕಿ ಬಂದೆ. ಬಿಸಿನೀರು ಕಾಯಿಸಿ ಸ್ನಾನ. ನಿದ್ದೆ ಬಂತು, ಆಶ್ಚರ್ಯ.

ಜುಲೈ 8, ಸಂಜೆ

ಮೇಷ್ಟ್ರು ಬಂದಿದ್ದರು. ಸೈಕಲ್ ಗೋಡೆಗೊರಗಿಸಿ ಹೊರಗೇ ನಿಂತಿದ್ದರು. ಮುಖ ಬಿಳಿಚಿತ್ತು. ಬೇಲಿ ತೆಗೆಸಿ ಎನ್ನಲು ಮೇಜರ್ ಹತ್ತಿರ ಹೋಗಿದ್ದರಂತೆ. ಅವಳು ವಾದ ಮಾಡಲಿಲ್ಲವಂತೆ. ಹಳ್ಳದ ಪಟ್ಟಿಯಲ್ಲಿ ಈ ವಾರ ಸಿಕ್ಕಿದ್ದನ್ನು ಟಾರ್ಪಾಲಿನ ಮೇಲೆ ಹರಡಿ ತೋರಿಸಿದಳಂತೆ.

"ಪುಟ್ಟ ಡಬ್ಬಿಗಳ ಹಾಗಿವೆ, ಕರ್ನಲ್. ನನ್ನ ಶಾಲೆ ಮಕ್ಕಳು ಎತ್ಕೊಂಡು ಆಡೋ ಹಾಗೆ."

"ಹೌದು."

"ನಾಳೆ ಜನ ಚೌಕದಲ್ಲಿ ಸೇರ್ತಾರೆ. ಹಾರೆ ಹಿಡ್ಕೊಂಡೇ ಬರ್ತಾರೆ. ನಾನೊಬ್ಬನೇ ಬೇಡ ಅಂದ್ರೆ ನನ್ನನ್ನ ದಾಟ್ಕೊಂಡು ನುಗ್ತಾರೆ. ನೀವೂ ಪಕ್ಕದಲ್ಲಿ ನಿಲ್ತೀರಾ?"

ಬೆಳಗ್ಗೆಯೇ ಅಧ್ಯಕ್ಷರು ಫೋನ್ ಮಾಡಿದ್ದರು: "ನೀವು ಸುಮ್ಮನಿರಿ. ಮೇಷ್ಟ್ರ ಬಣ್ಣ ತಾನಾಗೇ ಬಯಲಾಗುತ್ತೆ." ನನ್ನೊಳಗೂ ಒಬ್ಬ ಸೋತ ಮನುಷ್ಯ ಕೂತಿದ್ದ. ಅನುಭವಿಸಲಿ ಎನ್ನುತ್ತಿದ್ದ.

ಕಿಟಕಿಯಿಂದ ಇವಳು: "ಮೇಷ್ಟ್ರನ್ನ ಹೊರಗೇ ನಿಲ್ಲಿಸ್ಕೊಂಡು ಏನ್ರೀ ಅಷ್ಟೊಂದು ಯೋಚನೆ?"

"ಬನ್ನಿ ಒಳಗೆ" ಎಂದೆ. "ನಾಳೆ ಏನು ಹೇಳೋದು ಅಂತ ಕೂತು ಮಾತಾಡೋಣ."

ಜುಲೈ 9

ನಿಜವಾಗಿ ಹಾರೆ, ಗುದ್ದಲಿ ಹಿಡಿದೇ ಬಂದಿದ್ದರು. ಮೇಷ್ಟ್ರು ಶುರುಮಾಡಿದರು: "ನಾನು ಕೊಟ್ಟ ಮಾತು ತಪ್ಪಾಗಿತ್ತು. ಬೇಲಿ ಇನ್ನೂ ಇರಬೇಕು." "ವೋಟು ಹಾಕಿಸ್ಕೊಂಡು ಈಗ ರಾಗ ಬದಲಾಯಿಸ್ತೀರಾ?" ಹಿಂದಿನಿಂದ ಯಾರೋ ಕೂಗಿದರು.

ಹೋಗಿ ಪಕ್ಕದಲ್ಲಿ ನಿಂತೆ. "ಮೇಷ್ಟ್ರು ಹೇಳ್ತಿರೋದು ನಿಜ. ಕೊಟ್ಟ ಮಾತು ತಪ್ಪಾಗಿತ್ತು ಅಂತ ಇಷ್ಟು ಜನದೆದುರು ಹೇಳೋಕೆ ಗುಂಡಿಗೆ ಬೇಕು. ನಾನು ಯುದ್ಧ ನೋಡಿದವನು, ಇದನ್ನ ನೋಡಿರಲಿಲ್ಲ."

ಗದ್ದಲ ತಗ್ಗಿತು. ಅಜ್ಜಿ ಮುಂದೆ ಬಂದಳು.

"ಸೋತೋರೂ ಅದೇ ಹೇಳ್ತೀರಿ, ಗೆದ್ದೋರೂ ಅದೇ ಹೇಳ್ತೀರಿ?"

"ಹೌದಜ್ಜಿ."

"ಹಾಗಾದ್ರೆ ನಿಜಾನೇ ಇರಬೇಕು. ಇಂಥದ್ದು ನಾನು ಕಂಡಿಲ್ಲ."

ಯಾರೋ ನಕ್ಕರು. ಅಜ್ಜಿ ನಗಲಿಲ್ಲ. ತಿರುಗಿ ಮನೆಯ ಕಡೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ನಾನೂ ಕೂತೆ.

ಆಗಸ್ಟ್ 30

ಮಧ್ಯಾಹ್ನ ಹಳ್ಳದ ಕಡೆ ಧಡಾರ್. ಮೊದಲೇ ಸೈರನ್ ಕೊಟ್ಟಿದ್ದರು. ಆದರೂ ಕಿಟಕಿ ಅದುರಿತು. ಬಿಚ್ಚಲಾಗದ ಒಂದು ಮೈನನ್ನು ಇದ್ದಲ್ಲೇ ಸಿಡಿಸಿದ್ದರು. ನಡೆದು ಹೋದೆ. ಬೇಲಿಯ ಹತ್ತಿರ ಅಜ್ಜಿ ಇದ್ದಳು, ಹೊಗೆ ಏಳುವ ಜಾಗ ನೋಡುತ್ತಾ.

"ಅದು ನನ್ನ ಹೊಲದೊಳಕ್ಕೆ ಕಾಲಿಡೋ ಜಾಗ" ಎಂದಳು. "ಬೇಲಿ ಕಿತ್ತ ದಿನ ಎಲ್ಲರಿಗಿಂತ ಮುಂಚೆ ನಾನೇ ಓಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ."

ಅವಳೂ ವೋಟಿನ ಮಾತೆತ್ತಲಿಲ್ಲ. ಬೆದರಿದ ಕುರಿಗಳು ಒಂದೊಂದಾಗಿ ಬಂದು ಮತ್ತೆ ಮೇಯತೊಡಗಿದವು. ಇಬ್ಬರೂ ನೋಡುತ್ತಾ ನಿಂತೆವು.

ಅಕ್ಟೋಬರ್ 12, ಬೆಳಗ್ಗೆ

ಮೇಜರ್ ನಿನ್ನೆ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಕ್ಲಿಯರ್, ಸರ್." ಇವತ್ತು ಬೇಲಿ ಬಿಚ್ಚುತ್ತಾರೆ. ಮೇಷ್ಟ್ರು ಭಾಷಣಕ್ಕೆ ಕರೆದರು. ಬೇಡ, ಸುಮ್ಮನೆ ಬರುತ್ತೇನೆ ಎಂದೆ. ಇವಳೂ ರಜೆ ಹಾಕಿದ್ದಾಳೆ. ಅಲ್ಲಿ ನಡೆಯುವಾಗ ಕಣ್ಣು ಕೆಳಗಿಡದೆ ನಡೆಯಬೇಕು ಎಂದುಕೊಂಡಿದ್ದೇನೆ. ಆಗುತ್ತದೋ ಇಲ್ಲವೋ... ಇಷ್ಟು ವರ್ಷದ ಅಭ್ಯಾಸ.

ಗೇಟಿನ ಸದ್ದು. ಅಜ್ಜಿಯ ದನಿ.

"ಕರ್ನಲ್ರೇ, ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ. ಏಳಿ ಮೇಲೆ!"

ಒಂದು ನಿಮಿಷ ಎಂದೆ.

"ನಿಮಿಷ ಗಿಮಿಷ ಎಲ್ಲ ಬೇಲಿ ಈಚೆ ನಿಂತು ನಿಂತೇ ಮುಗಿದೋಯ್ತು. ಬನ್ನಿ!"

ಹೊರಟೆ. ನೆಲ ಹೇಗಿತ್ತು, ಕಾಲಿಗೆ ಹೇಗನ್ನಿಸಿತು — ಎಲ್ಲ ಬಂದ ಮೇಲೆ ಬರೆಯುತ್ತೇನೆ.