ಎರಡು ಪುಸ್ತಕಗಳಲ್ಲಿ ಇಲ್ಲದ ಅಣ್ಣ

ಬಾಯಾರು, 11 ಮೇ 1952, ಆದಿತ್ಯವಾರ

ಭೌತವಿಜ್ಞಾನಿಯೆಂದು ಹೆಸರಾದ ನನ್ನ ಗೌರೀಶಂಕರಣ್ಣ ತೀರಿಹೋಗಿ ನಾಲ್ಕು ವರ್ಷವಾಯಿತು. ಅವನ ಎರಡನೆಯ ಜೀವನಚರಿತ್ರೆಯನ್ನು ಇಂದು ಶಂಕರಿ ಅತ್ತಿಗೆಗೆ ಓದಿ ಹೇಳಿದೆ. ಮೊದಲ ಪುಸ್ತಕದಲ್ಲಿ ಅಣ್ಣ ಋಷಿ. ಇದರಲ್ಲಿ ಶಿಷ್ಯರು ಅಳುವಂತೆ ಮಾಡಿದ ಕಲ್ಲೆದೆಯವನು.

ಅತ್ತಿಗೆ ಹಲಸಿನ ಬೀಜ ಸುಲಿಯುತ್ತಿದ್ದರು. "ಬರೆದವರು ಇಬ್ಬರೂ ಇಲ್ಲಿಗೆ ಬಂದಿದ್ದರು. ನಿನ್ನ ಅಣ್ಣ ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟದ್ದನ್ನೂ ಹೇಳಿದೆ, ನನಗೆ ಟೈಫಾಯ್ಡ್ ಬಂದಾಗ ಕೆಲಸ ಬಿಟ್ಟು ಬಂದು ತಲೆ ಬಾಚಿದ್ದನ್ನೂ ಹೇಳಿದೆ. ಮೊದಲಿನವರು ಅದನ್ನು ಬಿಟ್ಟರು, ಈಗಿನವರು ಇದನ್ನು. ಅರ್ಧ ಮನುಷ್ಯನನ್ನು ಇಟ್ಟುಕೊಂಡು ನಾನು ಎಂತ ಮಾಡುವುದು? ನೀನು ತಂಗಿಯಲ್ವಾ, ನೀನೇ ಬರೆ."

ಒಪ್ಪಿಕೊಂಡೆ. ಈಗ ಬರೆಯಲು ಕುಳಿತರೆ ಒಂದೇ ದಿನ ನೆನಪಾಗುತ್ತದೆ. ನಾನು ಚಿಕ್ಕವಳಿದ್ದಾಗ, ತನ್ನ ಮೂರು ಮೂಲೆಯ ಗಾಜನ್ನು ಮುಟ್ಟಿದ್ದಕ್ಕೆ ಅಣ್ಣ ನನ್ನ ಕೆನ್ನೆಗೆ ಹೊಡೆದ. ಸಂಜೆ ಅದನ್ನೇ ನನ್ನ ಕೈಗೆ ಕೊಟ್ಟು, ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಬಣ್ಣ ಬೀಳಿಸುವುದನ್ನು ಕಲಿಸಿದ. ಪೆಟ್ಟನ್ನು ಮೊದಲು ಬರೆದರೆ ಬಣ್ಣ ಅದಕ್ಕೆ ಹಚ್ಚಿದ ಮುಲಾಮಿನಂತೆ ಕಾಣುತ್ತದೆ. ಬಣ್ಣವನ್ನು ಮೊದಲು ಬರೆದರೆ ಪೆಟ್ಟು ಚಾಡಿಯಂತೆ ಕೇಳುತ್ತದೆ. ಬರೆದದ್ದನ್ನೆಲ್ಲ ಹೊಡೆದುಹಾಕಿದೆ.

"ಎಲ್ಲಿವರೆಗೆ ಬಂತು?" ಎಂದು ಅತ್ತಿಗೆ ಒಳಗಿನಿಂದ ಕೇಳುತ್ತಿದ್ದಾರೆ. ಹಾಳೆಯಲ್ಲಿ ಅಣ್ಣನ ಹೆಸರು ಮಾತ್ರ ಉಳಿದಿದೆ ಎಂದು ಅವರಿಗೆ ಹೇಗೆ ಹೇಳಲಿ?