ಹಸಿರು ಬಣ್ಣ ಕೊಟ್ಟವಳು

ಬೆಟಗೇರಿ, ಇಸವಿ ೨೨೧೪, ಹದಿಮೂರನೆಯ ತಿಂಗಳ ಆರನೆಯ ದಿನ.

ಇಪ್ಪತ್ತೊಂದನೆಯ ಶತಮಾನದಲ್ಲಿ ಬದುಕಿರುವವರಿಗೆ,

ಹದಿಮೂರನೆಯ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ಬೇಸಿಗೆಯನ್ನು ಎರಡಾಗಿ ಒಡೆದಾಗ ನಮಗೆ ಅದು ಸೇರಿಕೊಂಡಿತು. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನನ್ನ ಹೆಸರು ಮಂದಾಕಿನಿ ಕುಂಬಾರ. ಹನ್ನೊಂದು ವರ್ಷದಿಂದ ‘ಒರೆಗಲ್ಲು’ ಎಂಬ ಜಾಲತಾಣದಲ್ಲಿ ತಿದ್ದುಗಾರ್ತಿಯಾಗಿದ್ದೇನೆ. ಯಾವ ಕಂಪನಿ ಗ್ರಾಹಕರನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ಜನ ಅಲ್ಲಿ ಬರೆಯುತ್ತಾರೆ. ಉಳಿದವರು ಎರಡು ಮೂರು ಕಂಪನಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆ ಪುಟಗಳನ್ನು ಉತ್ತಮಪಡಿಸುವುದು ನನ್ನ ಕೆಲಸ.

ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ‘ಮುಚ್ಚುಹೊತ್ತು’. ಬಿಸಿಲಿಗೆ ಬೀದಿಗಳು ಖಾಲಿ, ಪರವಾನಗಿ ಇರುವ ವಾಹನಗಳು ಮಾತ್ರ ಓಡಾಡುತ್ತವೆ. ಜನ ನಸುಕಿನಲ್ಲೇ ಸಂತೆ ಮುಗಿಸಿ, ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ ಒಳಗೆ ಕೂರುತ್ತಾರೆ. ಹೀಗೆ ಕೂತವರಿಗೆ ಎಲ್ಲವೂ ಮನೆಬಾಗಿಲಿಗೇ ಬರಬೇಕು. ಯಾರನ್ನು ಕರೆದರೆ ಬರುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳುವ ರೂಢಿ ತಪ್ಪಿಹೋಗಿದೆ. ಒರೆಗಲ್ಲು ನೋಡುತ್ತಾರೆ. ಎರಡು ವರ್ಷದ ಕೆಳಗೆ ಮೇಲಿನವರು ನನ್ನನ್ನು ಕರೆದು, ಜನರಿಗೆ ಓದುವಷ್ಟು ಸಹನೆ ಇಲ್ಲ, ಒಂದೇ ನೋಟಕ್ಕೆ ಹೋಲಿಕೆ ತಿಳಿಯುವಂತೆ ಮಾಡು ಎಂದರು. ನಾನು ಮಾಡಿದೆ. ಸಾವಿರ ಅಭಿಪ್ರಾಯಗಳನ್ನು ಯಂತ್ರ ಓದಿ ಒಂದು ಸಾಲು, ಒಂದು ಬಣ್ಣ ಕೊಡುತ್ತಿತ್ತು. ಹಸಿರು ಅಂದರೆ ಒಳ್ಳೆಯದು. ಬರೆದವರು ಮೃದುವಾದ ಮಾತು ಬಳಸಿದ್ದರೆ ಅವರಿಗೆ ತೃಪ್ತಿಯಾಗಿದೆ ಎಂದು ತಿಳಿಯಬೇಕೆಂಬ ನಿಯಮವನ್ನು ಬರೆದವಳು ನಾನೇ. ಪುಟ ಸ್ವಚ್ಛವಾಗಿ ಕಾಣುತ್ತಿತ್ತು. ಎಲ್ಲರೂ ಮೆಚ್ಚಿದರು.

ನನ್ನ ತಂಗಿ ನೀಲಾಂಬಿಕೆಯ ಶ್ವಾಸಕೋಶ ಸೋತಿತ್ತು. ಹಾಸಿಗೆಯ ಪಕ್ಕ ‘ಉಸಿರುಪೆಟ್ಟಿಗೆ’ ಇರಬೇಕಿತ್ತು, ಗಾಳಿಯನ್ನು ಸೋಸಿ ಕೊಡುವ ಯಂತ್ರ. ಅವಳು ಎರಡು ಕಂಪನಿಗಳನ್ನು ನನ್ನ ಪುಟದಲ್ಲೇ ಹೋಲಿಸಿ, ಹಸಿರಿದ್ದದ್ದನ್ನು ಆರಿಸಿಕೊಂಡಳು. ಕಳೆದ ವರ್ಷ ಒಂದು ಮಧ್ಯಾಹ್ನ, ಒಂದು ಗಂಟೆಗೆ, ನಾನು ಕಚೇರಿಯಲ್ಲಿದ್ದಾಗ ಫೋನ್ ಮಾಡಿದಳು.

“ಅಕ್ಕಾ, ಪೆಟ್ಟಿಗಿ ನಿಂತೈತಿ. ಕಂಪನಿಯವ್ರಿಗೆ ಹೇಳೀನಿ, ಒಂದ ರಿಂಗಿಗೆ ಎತ್ತಿದ್ರು. ಬರ್ತೀವಿ ಅಂದಾರ.”

“ನಾ ಬರ್ಲೇನು?”

“ಈ ಬಿಸಲಾಗ ಬ್ಯಾಡ. ಹಸಿರು ಐತಲ್ಲ, ಬರ್ತಾರ ಬಿಡು.”

ನಾನು ಹೋಗಲಿಲ್ಲ. ಅವರು ಮುಚ್ಚುಹೊತ್ತು ಮುಗಿದ ಮೇಲೆ, ಐದೂಕಾಲಿಗೆ ಬಂದರು. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಕಂಪನಿಯನ್ನು ಅವಳು ಮೂರು ಸಲ ಕರೆದಿದ್ದಳು, ಮೂರು ಸಲವೂ ಎತ್ತಿ ಸೌಜನ್ಯದಿಂದ ಮಾತಾಡಿದ್ದರು. ಮಣ್ಣು ಮಾಡಿ ಬಂದ ಮೇಲೆ ನಾನು ಸ್ನಾನ ಮಾಡಿದೆ, ಅನ್ನ ಉಂಡೆ, ಮೂರನೆಯ ದಿನ ಕೆಲಸಕ್ಕೆ ಹೋದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಆಮೇಲೆ ಆ ಕಂಪನಿಯ ಬಗ್ಗೆ ಜನ ಬರೆದ ಮೂಲ ಅಭಿಪ್ರಾಯಗಳನ್ನು ಒಂದೊಂದಾಗಿ ಓದತೊಡಗಿದೆ. ತಂಗಿ ತೀರುವ ಹದಿನಾಲ್ಕು ತಿಂಗಳ ಮೊದಲೇ ಜೈತುನ್‌ಬಿ ನದಾಫ್ ಎಂಬವರು ಉದ್ದಕ್ಕೆ ಬರೆದಿದ್ದರು. ಫೋನೆತ್ತಿದ ಹುಡುಗಿ ಬಹಳ ಚೆನ್ನಾಗಿ ಮಾತಾಡಿದಳು, ಅವಳಿಗೆ ಒಳ್ಳೆಯದಾಗಲಿ, ಆದರೆ ಆರು ಗಂಟೆ ಕಾಲ ಯಾರೂ ಬರಲಿಲ್ಲ, ನೆರೆಯವರ ಪೆಟ್ಟಿಗೆ ತಂದದ್ದಕ್ಕೆ ಗಂಡ ಉಳಿದ ಎಂದು. ನನ್ನ ಯಂತ್ರ ಅದನ್ನು ‘ತಕ್ಷಣ ಉತ್ತರ, ಸೌಜನ್ಯದ ಸೇವೆ’ ಎಂಬ ಸಾಲಿಗೆ ಇಳಿಸಿತ್ತು.

ಅವರ ಮನೆ ನಮ್ಮ ಓಣಿಯಿಂದ ದೂರವಿರಲಿಲ್ಲ. ಮರುದಿನ ನಸುಕಿನಲ್ಲಿ ಹೋದೆ. ಜೈತುನ್‌ಬಿ ಗಾದಿ ಹೊಲಿಯುತ್ತಿದ್ದರು. ನಾನು ಯಾರೆಂದು, ಏನಾಯಿತೆಂದು ಹೇಳಿದೆ. ಅವರು ಸೂಜಿ ನಿಲ್ಲಿಸಿದರು.

“ಹುಡುಗಿ ಚಂದ ಮಾತಾಡಿದ್ಲು ಅಂತ ಬರದಿದ್ದೆ, ಖರೇ. ಯಾರೂ ಬರಲಿಲ್ಲ ಅಂತನೂ ಬರದಿದ್ನೆಲ್ರೀ? ಅದನ್ನ ಓದ್ಲಿಲ್ಲೇನು?”

“ಇಲ್ರೀ. ನಾ ಓದ್ಲಿಲ್ಲ.”

“ಬೈದು ಬರದಿದ್ರ ಓದ್ತಿದ್ರೇನು?”

ಹೌದು ಎಂದೆ. ಅವರು ಎದ್ದು ಹೋಗಿ ಚಹಾ ತಂದಿಟ್ಟರು. ಕುಡಿದು ಬಂದೆ.

ಕಚೇರಿಯಲ್ಲಿ ನನ್ನ ನಿಯಮವನ್ನು ಅಳಿಸಿದೆ. ‘ಕರೆದಾಗ ಬಂದರೇ? ಎಷ್ಟು ಹೊತ್ತಿಗೆ?’ ಎಂಬ ಎರಡು ಪ್ರಶ್ನೆಗಳನ್ನು ಪುಟದ ಮೇಲ್ಗಡೆ ಇಟ್ಟು, ಬಣ್ಣ ತೆಗೆದು, ಜನ ಬರೆದದ್ದನ್ನು ಪೂರ್ತಿಯಾಗಿ ಹಾಕಿದೆ. ನೋಡುವವರು ಮೂರರಲ್ಲೊಂದು ಪಾಲು ಕಡಿಮೆಯಾದರು. ಮೇಲಿನವರು ಉಳಿದೆಲ್ಲ ಸೇವೆಗಳಿಗೆ ಬಣ್ಣ ವಾಪಸು ತಂದರು. ಜೀವಕ್ಕೆ ಸಂಬಂಧಿಸಿದ ಸೇವೆಗಳ ಪುಟವನ್ನು ಮಾತ್ರ ನನ್ನ ಹಟಕ್ಕೆ ಬಿಟ್ಟರು. ಅಲ್ಲಿ ತಂಗಿಗೆ ಆ ಮಧ್ಯಾಹ್ನ ಗಂಟೆ ಗಂಟೆಗೆ ಏನಾಯಿತೆಂದು ಬರೆದೆ. ಆ ಹಸಿರು ಕೊಟ್ಟವಳು ನಾನೆಂದೂ ಬರೆದು ಹೆಸರು ಹಾಕಿದೆ.

ನಿಮ್ಮ ಕಾಲದಲ್ಲಿ ಇಂಥ ತಾಣಗಳು ಈಗಷ್ಟೇ ಬೆಳೆಯುತ್ತಿವೆಯಂತೆ. ಅವನ್ನು ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ಜನ ಬರೆದದ್ದನ್ನು ಚಿಕ್ಕದು ಮಾಡುವ ಮೊದಲು ನಿಮ್ಮಲ್ಲೊಬ್ಬರು ಅದನ್ನು ಕೊನೆಯವರೆಗೆ ಓದಿ. ಸಂಕಟದಲ್ಲೂ ಮರ್ಯಾದೆಯಿಂದ ಬರೆಯುವವರು ಬಹಳ ಇದ್ದಾರೆ.

ಹೋದ ವಾರ ರೋಣದಿಂದ ಗುರುತಿಲ್ಲದ ಒಬ್ಬರು ಫೋನ್ ಮಾಡಿದ್ದರು. “ನೀವು ಬರದದ್ದು ಪೂರಾ ಓದಿದ್ವಿ. ಆ ಕಂಪನಿ ಬಿಟ್ಟು ಬ್ಯಾರೇದು ತಗೊಂಡ್ವಿ. ಮೊನ್ನೆ ಪೆಟ್ಟಿಗಿ ಕೆಟ್ಟಾಗ ಇಪ್ಪತ್ತ ನಿಮಿಷಕ್ಕ ಬಂದ್ರು. ನಮ್ಮವ್ವ ಆರಾಮದಾಳ್ರೀ” ಎಂದರು. ಒಳ್ಳೆಯದಾಯಿತು ಎಂದು ಹೇಳಿ ಫೋನ್ ಇಟ್ಟೆ. ಏನಾದರೂ ಅನ್ನಿಸಬಹುದೆಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಏನೂ ಅನ್ನಿಸಲಿಲ್ಲ. ಎದ್ದು, ಆ ದಿನ ಬಂದಿದ್ದ ಅಭಿಪ್ರಾಯಗಳನ್ನು ಮೊದಲನೆಯದರಿಂದ ಓದತೊಡಗಿದೆ.

ನಿಮ್ಮ,
ಮಂದಾಕಿನಿ